ಕಾರಟಗಿ ಮುಟ್ಟುವ ಉಸಿರು

ಇವತ್ತು ಮಾಡಿದ ಕೆಲಸ: ನಸುಕಿನಲ್ಲೇ ನಳ ಬಂದಿತ್ತು, ಬ್ಯಾರಲ್ ತುಂಬಿಸಿ ನಾಲ್ಕು ಕೊಡ ಹಿಡಿದಿಟ್ಟೆ. ಅಂಗಳ ಗುಡಿಸಿ ನೀರು ಚಿಮುಕಿಸಿದೆ. ನಿನ್ನೆ ಊರಿಂದ ತಂದ ಚೀಲ ಬಿಚ್ಚಿ, ಉಡಿ ತುಂಬಿದ ಅಕ್ಕಿ, ಕೊಬ್ಬರಿ ಬಟ್ಟಲು ಡಬ್ಬಿಗೆ ಹಾಕಿದೆ. ಹೆಸರುಕಾಳು ನೆನೆಹಾಕಿದೆ. ಮೂರು ಸೀರೆಗೆ ಫಾಲ್ ಹಚ್ಚಿದೆ. ಒಂದಕ್ಕೆ ಹಸಿರು ದಾರದ ಬದಲು ನೀಲಿ ದಾರ ಪೋಣಿಸಿಕೊಂಡು ಅರ್ಧ ಹಚ್ಚಿದ ಮೇಲೆ ಗೊತ್ತಾಗಿ, ಬಿಚ್ಚಿ ಮತ್ತೆ ಹಚ್ಚಿದೆ. ಗ್ಯಾಸಿನ ಒಲೆ ಒರೆಸಿದೆ. ಊದುಗೊಳವಿಯನ್ನು ತೊಳೆದು, ಒರೆಸಿ, ತಿರುಗಿ ಅಟ್ಟದ ಮೇಲೆ ಇಡಲೋ ಬೇಡವೋ ಎಂದು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆ. ಅದನ್ನೂ ಕೆಲಸದ ಲೆಕ್ಕಕ್ಕೆ ಹಿಡಿಯಬಹುದಾದರೆ ಹಿಡಿಯಿರಿ.

ಗ್ಯಾಸ್ ಇರುವ ಮನೆಯಲ್ಲಿ ಊದುಗೊಳವಿಗೇನು ಕೆಲಸ ಎಂದು ನೀವು ಕೇಳುತ್ತೀರಿ. ಹಾಡು ಕಲಿಯಲು ಇಟ್ಟುಕೊಂಡಿದ್ದೇನೆ ಎಂದರೆ ಇನ್ನೂ ನಗುತ್ತೀರಿ. ನಗಿರಿ. ಎದುರುಮನೆಯ ಶಬಾನಾ ಆಗಲೇ ನಕ್ಕು ಮುಗಿಸಿದ್ದಾಳೆ.

ಅದು ನಿಂಗವ್ವಕ್ಕನ ಊದುಗೊಳವಿ. ನಿಂಗವ್ವಕ್ಕ ಎಂದರೆ ನನ್ನ ನೆಗೆಣ್ಣಿ, ನಮ್ಮ ಮನೆಯವರ ಅಣ್ಣನ ಹೆಂಡತಿ. ಒಂದೂವರೆ ಗೇಣು ಉದ್ದದ ಕಬ್ಬಿಣದ ಕೊಳವೆ. ಒಂದು ತುದಿ ಬೆಂಕಿ ಕಂಡು ಕಂಡು ಕಪ್ಪಾಗಿದೆ, ಇನ್ನೊಂದು ತುದಿ ಅಕ್ಕನ ತುಟಿ ತಾಗಿ ತಾಗಿ ಬೆಳ್ಳಗೆ ನುಣುಪಾಗಿದೆ. ನಮ್ಮ ಮನೆಯವರಿಗೆ ಕುಷ್ಟಗಿಯಲ್ಲಿ ಬಸ್ಸಿನ ಚಾಲಕನ ಕೆಲಸ ಗಟ್ಟಿಯಾಗಿ ನಾವು ಬೇರೆ ಮನೆ ಮಾಡಿದಾಗ, ಅಕ್ಕ ಇದನ್ನು ನನ್ನ ಪಾತ್ರೆಯ ಗಂಟಿನಲ್ಲಿ ತುರುಕಿದ್ದಳು.

"ಅಲ್ಲಿ ಗ್ಯಾಸ್ ಐತಿ ಅಕ್ಕಾ" ಎಂದೆ.

"ಇರ್ಲಿ ಬಿಡು. ಗ್ಯಾಸ್ ತೀರಿದ ದಿನ ನನ್ನ ನೆನಿಸ್ತಿ."

ಗ್ಯಾಸು ಎಷ್ಟೋ ಸಲ ತೀರಿತು. ಶಬಾನಾಳ ಮನೆಯಿಂದ ಸಿಲಿಂಡರ್ ತಂದೆನೇ ಹೊರತು ಊದುಗೊಳವಿ ಕೆಳಗಿಳಿಸಲಿಲ್ಲ. ಯಾಕೆಂದರೆ ನನಗೆ ಊದಲು ಬರುವುದಿಲ್ಲ.

ನನ್ನ ತವರು ಸಿದ್ದಾಪುರ, ಭತ್ತದ ಸೀಮೆ. ನಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಭತ್ತದ ಹೊಟ್ಟಿನ ಒಲೆ. ಹೊಟ್ಟನ್ನು ಗಿಡಿದು ತುಂಬಿ ಒಂದು ಸಲ ಹೊತ್ತಿಸಿದರೆ ತೀರಿತು, ತನ್ನಷ್ಟಕ್ಕೆ ತಾನು ಉರಿಯುತ್ತ ಇರುತ್ತದೆ. ಊದುವ ಮಾತೇ ಇಲ್ಲ. ನನ್ನನ್ನು ಕೊಟ್ಟದ್ದು ಮಂಗಳೂರಿಗೆ. ಸಮುದ್ರ ಇರುವ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಈ ವಿವರ ಹೇಳದೆ ಗೆಳತಿಯರ ಮುಂದೆ ಒಂದು ವಾರ ಮೆರೆದೆ; ಪಾಪ, ಇನ್ನು ಇವಳು ದಿನಾ ಮೀನು ತಿನ್ನಬೇಕಲ್ಲ ಎಂದು ಒಬ್ಬಳು ಮರುಗಿಯೂ ಇದ್ದಳು. ಬಂದು ನೋಡಿದರೆ ಇಲ್ಲಿ ಜೋಳದ ರೊಟ್ಟಿ, ಹತ್ತಿಕಟ್ಟಿಗೆ, ಸಗಣಿ ತಟ್ಟಿದ ಕುಳ್ಳು. ಕುಳ್ಳಿನ ಒಲೆ ಎಂದರೆ ಮುನಿಸಿಕೊಂಡ ನೆಂಟರಿದ್ದ ಹಾಗೆ, ಗಳಿಗೆಗೊಮ್ಮೆ ಮಾತಾಡಿಸುತ್ತಲೇ ಇರಬೇಕು.

ಹೋದ ಮೂರನೇ ದಿನ ಅತ್ತೆ ಊದುಗೊಳವಿ ಕೈಗೆ ಕೊಟ್ಟರು. ನಾನು ಎರಡೂ ಗಲ್ಲ ಉಬ್ಬಿಸಿ ಒಂದೇ ಸಲಕ್ಕೆ ಊದಿದೆ. ಬೆಂಕಿ ಏಳಲಿಲ್ಲ, ಬೂದಿ ಎದ್ದಿತು. ಎದ್ದದ್ದು ಹಿಟ್ಟು ನಾದುವ ಕೊಣಮಿಗೆಯ ಮೇಲೆ, ಬೇಳೆಯ ಗಡಿಗೆಯ ಮೇಲೆ, ಅತ್ತೆಯ ತಲೆಯ ಮೇಲೆ ಇಳಿಯಿತು. ಗಾಬರಿಯಲ್ಲಿ ಕೊಳವೆ ಬಾಯಲ್ಲಿದ್ದ ಹಾಗೇ ಉಸಿರು ಒಳಗೆ ಎಳೆದುಕೊಂಡೆ. ಒಲೆಯೊಳಗಿನ ಹೊಗೆಯೆಲ್ಲ ನನ್ನ ಎದೆಗೆ ಬಂತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾದವು.

"ಸಿದ್ದಾಪುರದಾಕಿಗೆ ಅನ್ನ ಉಣ್ಣಾಕ ಬರತೈತಿ, ಒಲಿ ಊದಾಕ ಬರಂಗಿಲ್ಲ" ಎಂದರು ಅತ್ತೆ.

ಅಕ್ಕ ನೀರು ಕುಡಿಸಿ ಹಿತ್ತಲಿಗೆ ಕರೆದುಕೊಂಡು ಹೋದಳು. "ಗಲ್ಲದಾಗ ಎಷ್ಟ ಗಾಳಿ ಹಿಡೀತೈತಿ ತಂಗಿ? ಹೊಟ್ಟಿ ಮ್ಯಾಲ ಕೈ ಇಟ್ಕೊ. ಕೊಳವಿ ದೂರ ಸರಿಸಿ ಮೂಗಿನಾಗಿಂದ ತಗೊ, ಹೊಟ್ಟಿ ಮುಂದ ಬರಬೇಕು. ಆಮ್ಯಾಲ ಸಣ್ಣಗ ಬಿಡು, ಕೂಸಿನ ಕಣ್ಣಾಗ ಬಿದ್ದ ಕಸ ಊದತೀವಲ್ಲ, ಹಂಗ."

ನಾನು ಎರಡು ದಿನ ಕಲಿತಂತೆ ಮಾಡಿದೆ. ಮೂರನೇ ದಿನ ಮತ್ತೆ ಬೂದಿ. ಆಗ ಅಕ್ಕನೇ ಅತ್ತೆಗೆ, "ಬಿಡ್ರಿ, ಆಕಿ ರೊಟ್ಟಿ ಬಡಿಯೂದು ಕಲೀಲಿ, ನಾ ಊದತೀನಿ" ಎಂದು ಕೊಳವೆ ಇಸಿದುಕೊಂಡಳು. ಅಂದಿನಿಂದ ಆ ಮನೆಯಲ್ಲಿ ನನ್ನ ಪಾಲಿನ ಉಸಿರನ್ನೂ ಅವಳೇ ಊದಿದಳು. ಎಷ್ಟು ಸುಖವಾಗಿತ್ತೆಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ; ಸುಖದಲ್ಲಿದ್ದಾಗ ರೊಟ್ಟಿ ಹರಿಯಿತೆಂಬುದೇ ದೊಡ್ಡ ದುಃಖ.

ಹಾಡಿನಲ್ಲೂ ಹಾಗೆಯೇ ಆಯಿತು. ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಇಬ್ಬರು ಹೆಂಗಸರು ತೊಟ್ಟಿಲಿನ ಆಚೆ ಒಬ್ಬರು, ಈಚೆ ಒಬ್ಬರು ನಿಂತು ತೂಗುತ್ತ ಹಾಡುತ್ತಾರೆ. ಆಚೆಯವಳು ಸಾಲಿನ ಮೊದಲರ್ಧ ಎತ್ತಿ ತೊಟ್ಟಿಲು ನೂಕಬೇಕು; ಈಚೆಯವಳು ಹಿಡಿದು ಉಳಿದರ್ಧ ಹಾಡಿ ತಿರುಗಿ ನೂಕಬೇಕು. ಅಕ್ಕ ತನ್ನ ತವರಿನಿಂದ ಒಂದು ಪದ ತಂದಿದ್ದಳು, ಐದು ನುಡಿಯದು, ನುಡಿಗೊಂದು ಸಾಲು.

"ಎಳ್ಳೀನ ಹೊಲದಾಗ ಬೆಳ್ಳಾನ ಹೂ ಅರಳಿ" ಎಂದು ಅವಳು ಎತ್ತಿದರೆ, "ಒಳ್ಳೇದು ನೋಡಿ ಬೆಳೆಯವ್ವ, ಜೋ ಜೋ" ಎಂದು ನಾನು ಮುಗಿಸುತ್ತಿದ್ದೆ. ಇಪ್ಪತ್ತಾರು ವರ್ಷ. ನಮ್ಮ ಮನೆಯ ಕೂಸುಗಳು, ಓಣಿಯ ಕೂಸುಗಳು, ಯಲಬುರ್ಗಾ ತನಕ ಕರೆ ಬಂದ ಮನೆಗಳ ಕೂಸುಗಳು. ನನಗೆ ಮಕ್ಕಳಾಗಲಿಲ್ಲ, ಆದರೆ ತೂಗಿದ ತೊಟ್ಟಿಲು ಎಣಿಸಲಾರೆ. ಕುಷ್ಟಗಿಗೆ ಬಂದ ಮೇಲೂ ತೊಟ್ಟಿಲ ಕರೆ ಬಂದರೆ ಬಸ್ಸು ಹತ್ತಿ ಹೋಗುತ್ತಿದ್ದೆ. ಇಬ್ಬರೂ ಭಾಳ ಛಲೋ ಹಾಡುತ್ತೀರಿ ಎಂದು ಜನ ಹೇಳುವರು. ಅವಳು ಹಾಡುವಾಗ ನಾನು ಉಸಿರು ತೆಗೆದುಕೊಳ್ಳುತ್ತಿದ್ದೆ ಎಂಬುದು ನನಗೇ ಹೊಳೆದಿರಲಿಲ್ಲ. ನಾನು ಹಾಡುವಾಗ ಅವಳೂ ತೆಗೆದುಕೊಳ್ಳುತ್ತಿದ್ದಳು ನಿಜ, ಆದರೆ ಅವಳಿಗೆ ಬೇಕಾಗಿರಲಿಲ್ಲ. ಒಮ್ಮೊಮ್ಮೆ ನಾನು ಕೆಮ್ಮಿದರೆ ನನ್ನರ್ಧವನ್ನೂ ಸೇರಿಸಿ ಒಂದೇ ಉಸಿರಿನಲ್ಲಿ ಹಾಡಿ ಮುಗಿಸಿ, ಏನೂ ಆಗದವಳ ಹಾಗೆ ಕೂಸಿನ ತಲೆಯ ಕುಂಚಿಗೆ ಸರಿಮಾಡುವಳು.

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಪಕ್ಕಪಕ್ಕ ಮಲಗುತ್ತಿದ್ದೆವು. ಮಾತಾಡುತ್ತ ಮಾತಾಡುತ್ತ ಅವಳ ಉಸಿರು ಉದ್ದವಾಗುತ್ತಿತ್ತು; ಅಲ್ಲಿಗೆ ನಿದ್ದೆ ಹತ್ತಿತೆಂದು ತಿಳಿಯಬೇಕು. ಆದರೆ ಬೆಳಿಗ್ಗೆ ಎದ್ದು, "ರಾತ್ರಿ ನಾ ಹೇಳಾಕ್ಹತ್ತಿದ್ನಿ, ನೀನ ಮೊದ್ಲ ಮಲಗಿಬಿಟ್ಟಿ" ಎಂದು ನನ್ನ ಮೇಲೇ ಹಾಕುವಳು. ಹಲ್ಲು ತಿಕ್ಕುತ್ತ ಅದೊಂದು ಜಗಳ ದಿನಾ ಇದ್ದದ್ದೇ.

ಹೋದ ವರ್ಷ ಜೋಳದ ರಾಶಿಯ ಕಾಲಕ್ಕೆ ಅಕ್ಕ ಹೋದಳು. ಎದೆ ಹಿಡಿದಂತಾಗುತ್ತದೆ ಅಂದಳಂತೆ, ಕೊಪ್ಪಳ ಮುಟ್ಟುವುದರೊಳಗೆ ಮುಗಿದಿತ್ತು. ನಾನು ಹೋದಾಗ, ನಮ್ಮಲ್ಲಿ ತೀರಿಕೊಂಡವರನ್ನು ಕೂಡಿಸುವ ಹಾಗೆ, ಅವಳನ್ನು ಪಡಸಾಲೆಯಲ್ಲಿ ಕೂಡಿಸಿದ್ದರು.

ಒಂದು ತಿಂಗಳ ಹಿಂದೆ ಅವಳ ಮಗಳು ರೇಣುಕಾ ಹಡೆದಳು, ಹೆಣ್ಣುಕೂಸು. ತಾಯಿ ಇಲ್ಲದ ತವರಿನಲ್ಲಿ ಅಣ್ಣನ ಹೆಂಡತಿ ಲಕ್ಷ್ಮಿಯೇ ಬಾಣಂತನ ಮಾಡಿದಳು, ಕುಂದಿಲ್ಲದ ಹಾಗೆ ಮಾಡಿದಳು. ಹುಟ್ಟಿದ ವಾರಕ್ಕೆ ರೇಣುಕಾಳ ಫೋನು ಬಂತು.

"ಚಿಗವ್ವಾ, ತೊಟ್ಟಿಲಕ್ಕ ಹಾಕೂ ದಿನ ನೀ ಅವ್ವನ ಪದ ಹಾಡಬೇಕು. ವೈನಿ ಸ್ಪೀಕರ್ ತರಸ್ತೀನಿ, ಫೋನಿನಾಗ ಎಂಥೆಂಥಾ ಜೋಗುಳ ಬರತಾವು ಅಂತಾಳ. ನನಗ ಬ್ಯಾಡ. ಎಲ್ಲಾರ ಕೂಸಿಗೂ ಅವ್ವ ಹಾಡ್ಯಾಳ, ನನ್ನ ಕೂಸಿಗೆ ಡಬ್ಬಿ ಹಾಡೂದೇನು?"

"ನಾ ಹಾಡತೀನಿ ತಗೊ ವಾ" ಎಂದುಬಿಟ್ಟೆ.

ಫೋನು ಇಟ್ಟು ಅಡುಗೆಮನೆಯಲ್ಲಿ ನಿಂತು ಎತ್ತಿ ನೋಡಿದೆ. ಬಾಯಿ ತೆರೆದರೆ "ಒಳ್ಳೇದು ನೋಡಿ" ಎಂದೇ ಬರುತ್ತದೆ! ನಾಲಿಗೆಗೆ ಮೊದಲರ್ಧದ ರೂಢಿಯೇ ಇಲ್ಲ. ಹೇಗೋ ತಿದ್ದಿಕೊಂಡು "ಎಳ್ಳೀನ ಹೊಲ"ದಿಂದ ಹೊರಟರೆ "ಒಳ್ಳೇದು" ಬರುವ ಹೊತ್ತಿಗೆ ಉಸಿರು ಮುಗಿದು, "ಬೆಳೆಯವ್ವ" ಎಂಬುದು ಸೋರುವ ನಳದ ಹಾಗೆ ಹನಿ ಹನಿ ಬೀಳುತ್ತದೆ. ನಡುವೆ ನಿಲ್ಲಿಸಿ ಉಸಿರು ತೆಗೆದುಕೊಂಡರೆ ತೊಟ್ಟಿಲು ಕಾಯುವುದಿಲ್ಲವಲ್ಲ. ಅದು ತನ್ನ ತೂಗಿಗೆ ತಾನು ಬಂದುಬಿಡುತ್ತದೆ, ಪದ ಹಿಂದೆ ಉಳಿಯುತ್ತದೆ. ಇಷ್ಟು ವರ್ಷ ಹಾಡುಗಾರ್ತಿ ಎನ್ನಿಸಿಕೊಂಡವಳಿಗೆ ಒಂದು ಪೂರಾ ಸಾಲು ಹಾಡಲು ಬರುವುದಿಲ್ಲ ಎಂಬುದು ಗೊತ್ತಾದದ್ದು ಹೀಗೆ, ಒಗ್ಗರಣೆ ಸೌಟು ಕೈಯಲ್ಲಿದ್ದಾಗ.

ಶಬಾನಾಳಿಗೆ ಹೇಳಿದೆ. ಅವಳು ಎರಡು ಮಕ್ಕಳ ತಾಯಿ, ಯಾವ ಕಷ್ಟಕ್ಕೂ ಫೋನಿನಲ್ಲಿ ಪರಿಹಾರ ಇದೆ ಎಂದು ನಂಬಿದವಳು. ಹುಡುಕಿ ತೋರಿಸಿದಳು. ಅದರಲ್ಲಿ ಒಬ್ಬಳು ಟೀಚರಮ್ಮ, ನೆಲದ ಮೇಲೆ ಅಂಗಾತ ಮಲಗಿ ಹೊಟ್ಟೆಯ ಮೇಲೆ ದಪ್ಪ ಪುಸ್ತಕ ಇಟ್ಟುಕೊಳ್ಳಿ, ಉಸಿರು ತೆಗೆದುಕೊಂಡಾಗ ಪುಸ್ತಕ ಮೇಲೇಳಬೇಕು, ಭುಜ ಅಲುಗಬಾರದು ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ದಪ್ಪ ಪುಸ್ತಕ ಎಲ್ಲಿ ಬರಬೇಕು? ಎರಡು ಕಿಲೋ ಹೆಸರುಕಾಳಿನ ಚೀಲ ಇಟ್ಟುಕೊಂಡು ಮಲಗಿದೆ. ಏಳುವುದು ಎದೆ, ಚೀಲ ಕದಲುವುದಿಲ್ಲ. ಐವತ್ತೆರಡು ವರ್ಷ ನಾನು ಎದೆಯ ಮೇಲ್ಭಾಗದಲ್ಲೇ ಬಾಡಿಗೆಗೆ ಇದ್ದೆ ಎಂದು ಕಾಣುತ್ತದೆ, ಕೆಳಗಿನ ಮನೆ ಖಾಲಿ ಬಿದ್ದಿತ್ತು. ಮರುದಿನ ಹಾಗೇ ಮಲಗಿದ್ದಾಗ ಶಬಾನಾ ಸೀರೆ ಕೊಡಲು ಬಂದಳು.

"ಅಯ್ಯ ಆಂಟಿ, ಕಾಳಿಗೆ ಕಾವು ಕೊಟ್ಟು ಮೊಳಕಿ ಬರಸಾಕ್ಹತ್ತೀರೇನ್ರಿ?"

ನನಗೂ ನಗು ಬಂತು, ನಕ್ಕಾಗ ಚೀಲ ಎದ್ದು ಕುಣಿಯಿತು. "ಹಾಂ, ಹಂಗ ನೋಡ್ರಿ, ಈಗ ಬಂತು" ಎಂದಳು. ನಿಜವಾಗಿ, ಉಸಿರು ಎಲ್ಲಿಂದ ಏಳಬೇಕೆಂಬುದು ಆ ನಗುವಿನಲ್ಲೇ ಮೊದಲ ಸಲ ತಿಳಿಯಿತು. ಇಪ್ಪತ್ತೆಂಟು ವರ್ಷದ ಹಿಂದೆ ಹಿತ್ತಲಲ್ಲಿ ಅಕ್ಕ ಹೇಳಿದ್ದೂ ಇದನ್ನೇ ಎಂದು ನೆನಪಾಗಿ, ಶಬಾನಾ ಮನೆಗೆ ಹೋದ ಮೇಲೆ ಸ್ಟೂಲು ಹಾಕಿ ಅಟ್ಟದಿಂದ ಊದುಗೊಳವಿ ಇಳಿಸಿದೆ.

ಒಲೆ ಇಲ್ಲ, ಸರಿ, ದೀಪ ಇದೆಯಲ್ಲ. ಹಣತೆ ಹಚ್ಚಿ ಮೊಳ ದೂರ ಕೂತು ಕೊಳವೆಯಲ್ಲಿ ಸಣ್ಣಗೆ ಊದಬೇಕು. ಕುಡಿ ಬಾಗಬೇಕು, ಆರಬಾರದು, ಬಾಗಿದ್ದು ಮೇಲೇಳಬಾರದು. ಎಷ್ಟು ಹೊತ್ತು ಎಂದು ಎಣಿಸಲು ನನಗೆ ಅಂಕಿಗಿಂತ ಊರುಗಳೇ ಸುಲಭ. ನಮ್ಮ ಮನೆಯವರ ಬಸ್ಸು ಕುಷ್ಟಗಿ ಬಿಟ್ಟರೆ ತಾವರಗೇರಾ, ಕನಕಗಿರಿ, ಗಂಗಾವತಿ, ಶ್ರೀರಾಮನಗರ, ಸಿದ್ದಾಪುರ, ಕಾರಟಗಿ. ಕಾರಟಗಿಯಲ್ಲಿ ವಸ್ತಿ, ಅಲ್ಲೇ ಮಲಗಿ ಬೆಳಿಗ್ಗೆ ತಿರುಗಿ ಹೊರಡುವುದು. ಎರಡು ರಾತ್ರಿ ವಸ್ತಿ, ಒಂದು ರಾತ್ರಿ ಮನೆ. ಅವರಿಲ್ಲದ ಸಂಜೆ ಈ ಊರುಗಳನ್ನು ಸುಮ್ಮನೆ ಹೇಳಿಕೊಳ್ಳುವ ಚಟ ನನಗೆ ಮೊದಲೇ ಇತ್ತು. ಈಗ ಎಲ್ಲಿರಬಹುದು, ಈಗ ಕನಕಗಿರಿ ಸಂತೆಯ ಜನ ಹತ್ತುತ್ತಿರಬಹುದು, ಹೀಗೆ. ಆ ಚಟಕ್ಕೆ ಈಗ ಒಂದು ಕೆಲಸ ಸಿಕ್ಕಿತು. ಊದುತ್ತ ಮನಸ್ಸಿನಲ್ಲೇ ಒಂದೊಂದು ಊರು ನಿಧಾನ ದಾಟುವುದು. ಪದದ ಪೂರಾ ಸಾಲಿಗೆ ಕಾರಟಗಿ ಮುಟ್ಟಬೇಕು, ಅಳೆದು ನೋಡಿದ್ದೆ. ಮೊದಲ ದಿನ ನನ್ನ ಉಸಿರು ತಾವರಗೇರಾದಲ್ಲಿ ಇಳಿಯಿತು.

ಮನೆಯವರು ರಜೆಯಿದ್ದ ದಿನ ನೋಡಿ, "ದೀಪ ಆರಸಬಾರದ" ಎಂದರು.

"ಆರಸಾಕಲ್ರಿ, ಬಗ್ಗಸಾಕ."

ಕತೆಯೆಲ್ಲ ಕೇಳಿಕೊಂಡು, "ಎಲ್ಲೀತನಾ ಮುಟ್ಟಿತು?" ಎಂದರು.

"ಕನಕಗಿರಿ."

"ಅಲ್ಲೇ ಇಳಿಸಿದ್ರ ಹೆಂಗ? ಮಂದಿ ಕಾರಟಗಿಗೆ ಟಿಕೀಟ್ ತಗಸ್ಯಾರ."

ಆಮೇಲೆ ಚಹಾ ಕುಡಿದು ತಾವಾಗಿಯೇ ಒಂದು ಮಾತು ಹೇಳಿದರು. "ನೀ ಹೊಂಡೂಮುಂದನ ಎಲ್ಲಾ ದಮ್ಮು ಖರ್ಚ ಮಾಡ್ತಿ. ತುಂಬಿದ ಗಾಡಿ ಏರಿ ಹತ್ತೂಮುಂದ ಬುಡದಾಗ ಜೋರ ಒತ್ತಿದ್ರ ನಡುವ ಏದುಸಿರು ಬಿಡತೈತಿ. ಸಾವಕಾಶ ಎತ್ತು, ಹಿಂದಿಂದಕ್ಕ ಉಳಿಸ್ಕೊ." ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಹಾಡಿನ ಬಗ್ಗೆ ಅವರು ಆಡಿದ ಮಾತು ಇದೊಂದೇ. ಆದರೆ ಆ ಮಾತು ಕೆಲಸಕ್ಕೆ ಬಂತು. "ಎಳ್ಳೀನ" ಎಂಬುದನ್ನು ಸಣ್ಣಗೆ, ಕೊಳವೆಯಲ್ಲಿ ಬಿಡುವಷ್ಟೇ ಬಿಟ್ಟೆ. ಗಂಗಾವತಿ ದಾಟಿತು.

ಅಲ್ಲಿಂದ ಮುಂದೆ ನಿಧಾನ. ಫಾಲ್ ಹಚ್ಚುವಾಗ ಬೆನ್ನು ಬಗ್ಗಿಸಿ ಕೂರುವ ಅಭ್ಯಾಸ ನನಗೆ. ಬಗ್ಗಿದರೆ ಹೊಟ್ಟೆ ಮಡಚಿಕೊಂಡು ಉಸಿರಿಗೆ ಜಾಗ ಸಾಲದು ಎಂದು ತಿಳಿದು ಗೋಡೆಗೆ ಆತು ಕೂರಲು ಕಲಿತೆ. ಉಂಡ ಕೂಡಲೇ ಊದಿದರೆ ತೇಗು ಬರುತ್ತದೆ ಎಂದೂ ತಿಳಿಯಿತು. ಒಂದು ದಿನ ಸಿದ್ದಾಪುರ, ನನ್ನ ತವರು. ಅಲ್ಲಿ ಎರಡು ದಿನ ಕೂತುಬಿಟ್ಟಿತು. ಹದಿನೆಂಟನೇ ದಿನ, ಸಂಜೆ, ಮನೆಯಲ್ಲಿ ಯಾರೂ ಇಲ್ಲದಾಗ, ಕುಡಿ ಬಾಗಿದ್ದು ಬಾಗಿದ ಹಾಗೇ ಕಾರಟಗಿ ಮುಟ್ಟಿತು. ಕೊಳವೆ ಕೆಳಗಿಟ್ಟು ಪದ ಎತ್ತಿದೆ. ಎರಡೂ ಅರ್ಧ ಒಂದೇ ಉಸಿರಿಗೆ, ಕೊನೆಯ "ಜೋ ಜೋ"ಗೂ ಮಿಕ್ಕಿ ಉಳಿಯಿತು. ಯಾರಿಗಾದರೂ ಹೇಳಬೇಕೆನ್ನಿಸಿತು. ಹೇಳಬೇಕಾದವಳು ಯಾರೆಂದು ನೆನಪಾಗಿ ದೀಪ ಸಣ್ಣದು ಮಾಡಿ ಅಕ್ಕಿ ಆರಿಸಲು ಕೂತೆ.

ನಿನ್ನೆ ತೊಟ್ಟಿಲು. ಯಲಬುರ್ಗಾದಲ್ಲಿ ಬಸ್ಸು ಬದಲಿಸಿ ಹತ್ತಕ್ಕೆ ಮುಟ್ಟಿದೆ. ತೊಟ್ಟಿಲು ಅದೇ, ಪಡಸಾಲೆಯ ಅದೇ ಸರಪಳಿ. ಕಿಟಕಿಯಲ್ಲಿ ಕೆಂಪು ಸ್ಪೀಕರು.

"ಸಣ್ಣತ್ತಿ, ನಿಮಗ್ಯಾಕ ತ್ರಾಸ್ರಿ" ಎಂದಳು ಲಕ್ಷ್ಮಿ. ಕೆಟ್ಟ ಮನಸ್ಸಿನಿಂದಲ್ಲ. "ಹಾಡ್ರಿ, ದಮ್ಮು ಸಾಲಲಿಲ್ಲಂದ್ರ ನಾ ಗಪ್ಪನ ಇದನ್ನ ಹಚ್ತೀನಿ. ಮಂದಿ ಮುಂದ ನಡುವ ನಿಂತ್ರ ಛಲೋ ಕಾಣಂಗಿಲ್ಲ."

ಪದ್ಧತಿಯಂತೆ ಮೊದಲು ಒಳಕಲ್ಲಿನ ಗುಂಡುಕಲ್ಲಿಗೆ ಕೂಸಿನ ಕುಂಚಿಗೆ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿ ತೆಗೆದರು, ಆಮೇಲೆ ಕೂಸು. ನಾನು ಈಚೆ ನಿಂತೆ. ಆಚೆ, ಅಕ್ಕ ನಿಲ್ಲುತ್ತಿದ್ದ ಕಡೆ, ಲಕ್ಷ್ಮಿ. ಪದ ಬಾರದು, ತೂಗಲು ಬರುತ್ತದೆ, ಒಂದು ಕೈ ಕಿಟಕಿಗೆ ಎಟಕುವ ಹಾಗೆ ನಿಂತಿದ್ದಳು. ಹೊಟ್ಟೆ ತುಂಬ ಉಸಿರು ತೆಗೆದುಕೊಂಡೆ, ಭುಜ ಅಲುಗಲಿಲ್ಲ. ಸಾವಕಾಶ ಎತ್ತಿದೆ. ತೊಟ್ಟಿಲು ಹೋಯಿತು, ಬಂತು. ಗಂಗಾವತಿ, ಸಿದ್ದಾಪುರ, ಕಾರಟಗಿ. ಎರಡನೇ ನುಡಿ. ಮೂರು. ನಾಲ್ಕು. ಹೆಂಗಸರು ಮಾತು ನಿಲ್ಲಿಸಿದ್ದರು. ಅಕ್ಕನ ಓರಗೆಯ ಶಿವಗಂಗವ್ವ ಪಕ್ಕದವಳಿಗೆ, "ಒಬ್ಬಾಕಿನ ಹಾಡಿದ್ರೂ ಏನ ಕಮ್ಮಿ ಇಲ್ಲ ನೋಡು" ಎಂದದ್ದು ಕಿವಿಗೆ ಬಿತ್ತು.

ಹೊಗಳಿದ್ದೇ. ಆದರೆ ಆ ಮಾತು ಎಲ್ಲೋ ಚುಚ್ಚಿತು. ಏನೂ ಕಮ್ಮಿ ಇಲ್ಲವೇ? ಇಪ್ಪತ್ತಾರು ವರ್ಷ ಎದುರಿಗೆ ನಿಂತವಳು ಇಲ್ಲ, ಪದದಲ್ಲಿ ಎಲ್ಲೂ ಒಂದು ತೂತು ಕಾಣಿಸುತ್ತಿಲ್ಲ. ನಾನೇ ಕೂತು ಹದಿನೆಂಟು ದಿನ ದಾರ ಹಾಕಿ ಹೊಲಿದುಬಿಟ್ಟಿದ್ದೆ.

ಐದನೇ ನುಡಿಗೆ ಉಸಿರು ತೆಗೆದುಕೊಂಡೆ, ಪೂರಾ. ತೊಟ್ಟಿಲು ನೂಕಿದೆ. ಬಾಯಿ ತೆರೆಯಲಿಲ್ಲ. ತೊಟ್ಟಿಲು ಸುಮ್ಮನೆ ಆಚೆ ಹೋಯಿತು. ಸರಪಳಿ ಕಿರ್ರೆಂದದ್ದು ಪಡಸಾಲೆಗೆಲ್ಲ ಕೇಳಿಸಿತು. ಯಾರೋ "ಅಯ್ಯ" ಎಂದರು. ಲಕ್ಷ್ಮಿಯ ಕೈ ಸ್ಪೀಕರಿನ ಗುಂಡಿಯ ಮೇಲೆ ಹೋದದ್ದು ಕಂಡೆ. ಅಷ್ಟರಲ್ಲಿ ತೊಟ್ಟಿಲು ನನ್ನ ಕಡೆ ಬಂತು, ನಾನು ಹಿಡಿದು, ಯಾವಾಗಲೂ ಹಾಡುತ್ತಿದ್ದ ನನ್ನರ್ಧ ಹಾಡಿ ಮುಗಿಸಿದೆ. ಲಕ್ಷ್ಮಿ ಕೈ ಹಿಂದೆ ತೆಗೆದಳು. ಡಬ್ಬಿ ಹಾಡಲಿಲ್ಲ.

"ಕಡೀಕ ದಮ್ಮು ಸಾಲಲಿಲ್ಲ" ಎಂದಳು ಶಿವಗಂಗವ್ವ, "ಪಾಪ, ವಯಸ್ಸಾತಲ್ಲ."

"ಹೌದವ್ವ" ಎಂದೆ.

ಹೊರಡುವಾಗ ರೇಣುಕಾ ಉಡಿ ತುಂಬುತ್ತ, ತಲೆ ಎತ್ತದೆ, "ಅಲ್ಲಿ ಅವ್ವ ಇದ್ದಿದ್ರ ಎತ್ತಿಕೊಡ್ತಿದ್ದಳು, ಅಲ್ಲ ಚಿಗವ್ವಾ?" ಎಂದಳು.

"ಹೂಂ ವಾ. ಎತ್ತಿಕೊಡ್ತಿದ್ದಳು."

ಮನೆಯವರ ಫೋನಿಗೆ ನಿನ್ನೆ ಚಾರ್ಜ್ ಇರಲಿಲ್ಲವಂತೆ. ಇವತ್ತು ಸಂಜೆ ಏಳಕ್ಕೆ ಕಾರಟಗಿಯಿಂದ ಮಾಡಿದರು. ಹಿಂದೆ ಯಾರೋ ಬಸ್ಸಿನ ಗಾಜು ತೊಳೆಯುವ ಸಪ್ಪಳ.

"ಮುಟ್ಟಿತಾ?"

"ನಾಕು ಸಲ ಮುಟ್ಟಿತ್ರಿ. ಐದನೇದಕ್ಕ ನಾನ ಗಾಡಿ ನಿಂದರಿಸಿದೆ."

"ಯಾರರ ಹತ್ತವರಿದ್ರೇನು?"

"ಹೂಂ ರೀ."

"ಹಂಗಾರ ನಿಂದರಿಸಬೇಕ ಬಿಡು" ಎಂದರು. ಆಮೇಲೆ ನಾಳೆ ಮಧ್ಯಾಹ್ನದ ಊಟಕ್ಕೆ ಬರುವುದಾಗಿ ಹೇಳಿ ಇಟ್ಟರು.

ಊದುಗೊಳವಿ ಅಟ್ಟಕ್ಕೆ ಹೋಗಲಿಲ್ಲ, ದೀಪದ ಗೂಡಿನಲ್ಲಿ ಇಟ್ಟೆ. ರಾತ್ರಿ ಊಟಕ್ಕೆ ಎರಡು ಬಿಸಿ ರೊಟ್ಟಿ, ಮೂರು ವಾರ ಹೊಟ್ಟೆಯ ಮೇಲೆ ಕೂತಿದ್ದ ಹೆಸರುಕಾಳಿನದೇ ಪಲ್ಯ, ಒಂದು ಉಳ್ಳಾಗಡ್ಡಿ, ಮಜ್ಜಿಗೆ. ಪಲ್ಯಕ್ಕೆ ಉಪ್ಪು ಒಂದು ಚೂರು ಕಮ್ಮಿಯಾಗಿತ್ತು. ಈಗ ಒಂಬತ್ತಾಗಿದೆ, ಹಾಸಿಗೆ ಹಾಸಿದ್ದೇನೆ. ಬೆಳಿಗ್ಗೆ ಹಲ್ಲು ತಿಕ್ಕುವಾಗ ಜಗಳ ತೆಗೆಯಲು ಯಾರೂ ಇಲ್ಲವಾದ್ದರಿಂದ ನಾನೇ ಒಪ್ಪಿ ಬರೆದಿಡುತ್ತೇನೆ: ಇವತ್ತು ಮೊದಲು ಮಲಗಿದವಳು ನಾನು.